ಹೆಳವನಿಲ್ಲದವರ ವಂಶಾವಳಿ

(ಬಾನುಲಿ ಭಾಷಣ)

ನಾನು ಹುಡುಗನಾಗಿದ್ದಾಗ ಸುಗ್ಗಿ ಮುಗಿದ ಮೇಲೆ ನಮ್ಮೂರಿಗೆ ಹೆಳವ ಬರುತ್ತಿದ್ದ. ಎತ್ತಿನ ಮೇಲೆ ಕುಳಿತು, ಗಂಟೆಯ ಸದ್ದಿನೊಡನೆ ಮನೆಯ ಮುಂದೆ ಬಂದು ನಿಂತು, ಆ ಮನೆತನದ ಮೂಲಪುರುಷನಿಂದ ತೊಟ್ಟಿಲ ಕೂಸಿನವರೆಗೆ ಹೆಸರುಗಳನ್ನು ತಡೆಯಿಲ್ಲದೆ ಹೇಳುತ್ತಿದ್ದ. ಯಾರು ಯಾವ ಊರಿನಿಂದ ಬಂದರು, ಅಣ್ಣತಮ್ಮಂದಿರು ಯಾವಾಗ ಬೇರೆಯಾದರು, ಯಾವ ಹೆಣ್ಣುಮಗಳನ್ನು ಎಲ್ಲಿಗೆ ಕೊಟ್ಟರು, ಎಲ್ಲವೂ ಅವನ ನಾಲಗೆಯ ತುದಿಯಲ್ಲಿರುತ್ತಿತ್ತು. ಹಿರಿಯರು ಮೊರದಲ್ಲಿ ಕಾಳು ತಂದು ಅವನ ಚೀಲಕ್ಕೆ ಸುರಿಯುತ್ತಿದ್ದರು. ಎಲ್ಲರಿಗೂ ಅಜ್ಜನ ಅಜ್ಜ ಇರುವಂತೆ ಅವನ ಹೆಸರು ಹೇಳುವ ಹೆಳವನೂ ಇರುತ್ತಾನೆಂದು ನಾನು ತಿಳಿದಿದ್ದೆ.

ಹಾಗಲ್ಲವೆಂದು ಅರಿವಾದದ್ದು ಬಹಳ ತಡವಾಗಿ, ವೆಸ್ಟ್ ಇಂಡೀಸಿನ ಸಾಹಿತ್ಯವನ್ನು ಓದತೊಡಗಿದ ಮೇಲೆ. ನಮ್ಮಲ್ಲಿ ಬಹುಮಂದಿಗೆ ಆ ದ್ವೀಪಗಳು ಕ್ರಿಕೆಟ್ಟಿನ ಮೂಲಕವೇ ಪರಿಚಿತ. ಆದರೆ ಅಲ್ಲಿನ ಕವಿ ಡೆರೆಕ್ ವಾಲ್ಕಾಟ್ ತನ್ನ ಕವಿತೆಯೊಂದಕ್ಕೆ 'ಸಮುದ್ರವೇ ಇತಿಹಾಸ' ಎಂಬ ಅರ್ಥದ ಹೆಸರನ್ನಿಟ್ಟಿದ್ದಾನೆ. ಹಡಗಿನ ಒಡಲಲ್ಲಿ ಸರಪಳಿ ತೊಟ್ಟು ಆಫ್ರಿಕದಿಂದ ಬಂದವರ ಮೊಮ್ಮಕ್ಕಳು ತಮ್ಮ ವಂಶವನ್ನು ಎಲ್ಲಿ ಹುಡುಕಬೇಕು? ಅವರ ಪಾಲಿನ ಹೆಳವ ಯಾರು? ಕೇಳುಗರೇ, ಇದಕ್ಕೆ ದೊರೆಯುವ ಉತ್ತರ ವಿಚಿತ್ರವಾದದ್ದು. ಅವರನ್ನು ಆಳಿದ ಸರ್ಕಾರದ ಗುಮಾಸ್ತನೇ ಅವರ ಹೆಳವ.

ಜಮೈಕದ ಹೆಣ್ಣುಮಗಳೊಬ್ಬಳು ತನ್ನ ಮನೆತನದ ಮೂಲವನ್ನು ಅರಸಿ ಹೊರಟಳೆಂದು ಭಾವಿಸೋಣ. ಮೊದಲ ಮೆಟ್ಟಿಲು ಅಜ್ಜಿಯ ನೆನಪು. ಅದರಾಚೆಗೆ ಸರ್ಕಾರದ ಜನನ ಮರಣಗಳ ದಾಖಲೆ. ಜಮೈಕದಲ್ಲಿ ಅದು ೧೮೭೮ರಲ್ಲಿ ಆರಂಭವಾಯಿತು. ಇನ್ನೂ ಹಿಂದಕ್ಕೆ ಚರ್ಚುಗಳ ದೀಕ್ಷಾಸ್ನಾನ ಮತ್ತು ಮದುವೆಯ ಪುಸ್ತಕಗಳಿವೆ. ಇಷ್ಟರವರೆಗೆ ದಾರಿ ಕಷ್ಟವಾದರೂ ಪರಿಚಿತವೇ. ಆದರೆ ೧೮೩೪ನ್ನು ದಾಟಿದೊಡನೆ ನೆಲವೇ ಬದಲಾಗುತ್ತದೆ. ಆ ವರ್ಷದ ಆಗಸ್ಟ್ ೧ರಂದು ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಕೊನೆಗೊಂಡಿತು. 'ಅಪ್ರೆಂಟಿಸ್‌ಗಿರಿ' ಎಂಬ ಹೆಸರಿನಲ್ಲಿ ಉಳಿದಿದ್ದ ಬಿಟ್ಟಿದುಡಿಮೆ ೧೮೩೮ರಲ್ಲಿ ಮುಗಿಯಿತು. ಅದಕ್ಕೆ ಹಿಂದೆ ಅವಳ ಹಿರಿಯರು ಪ್ರಜೆಗಳ ಪಟ್ಟಿಯಲ್ಲಿಲ್ಲ, ಸ್ವತ್ತಿನ ಪಟ್ಟಿಯಲ್ಲಿದ್ದಾರೆ.

ಆ ಪಟ್ಟಿಗಳು ಹುಟ್ಟಿದ ಕಥೆ ಇದು. ೧೮೦೭ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮರ ವ್ಯಾಪಾರವನ್ನು ನಿಷೇಧಿಸಿತು; ಗುಲಾಮಗಿರಿಯನ್ನಲ್ಲ. ಕಳ್ಳತನದಲ್ಲಿ ಹೊಸಬರನ್ನು ತರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಲು ಇರುವವರ ಲೆಕ್ಕ ಬೇಕಾಯಿತು. ಟ್ರಿನಿಡಾಡಿನಲ್ಲಿ ೧೮೧೩ರಲ್ಲಿ, ಜಮೈಕದಲ್ಲಿ ೧೮೧೭ರಲ್ಲಿ ನೋಂದಣಿ ನಡೆಯಿತು. ಜಮೈಕದಲ್ಲಿ ಮುಂದೆ ಮೂರು ವರ್ಷಕ್ಕೊಮ್ಮೆ, ೧೮೩೨ರವರೆಗೆ, ಒಡೆಯನು ಪ್ರಮಾಣಮಾಡಿ ಪಟ್ಟಿ ಒಪ್ಪಿಸಬೇಕಾಗಿತ್ತು. ಲಂಡನ್ನಿಗೆ ಕಳಿಸಿದ ಪ್ರತಿಗಳು ಇಂದು ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ, ಖಜಾನೆ ಇಲಾಖೆಯ ಕಡತಗಳ ೭೧ನೆಯ ಶ್ರೇಣಿಯಲ್ಲಿವೆ. ಬ್ರಿಟಿಷ್ ಕೆರಿಬಿಯನ್ನಿನ ಈ ನೋಂದಣಿ ಪುಸ್ತಕಗಳನ್ನು ಯುನೆಸ್ಕೊ ೨೦೦೯ರಲ್ಲಿ 'ಜಗತ್ತಿನ ಸ್ಮೃತಿ' ಪಟ್ಟಿಗೆ ಸೇರಿಸಿತು. ಈಗ ಅವುಗಳ ಪುಟಗಳನ್ನು ಮನೆಯಲ್ಲೇ ಕುಳಿತು ಗಣಕಯಂತ್ರದಲ್ಲಿ ನೋಡಬಹುದು.

ಜಮೈಕದ ಪುಟದಲ್ಲಿ ಏನಿದೆ? ಹೆಸರು, ಮೈಬಣ್ಣ, ವಯಸ್ಸು, ಹುಟ್ಟಿದ್ದು ಆಫ್ರಿಕದಲ್ಲೋ ದ್ವೀಪದಲ್ಲೋ ಎಂಬ ಮಾತು, ಕೊನೆಗೆ ಷರಾ. ಮೊದಲ ಪಟ್ಟಿಯ ನಂತರ ಬದಲಾದದ್ದನ್ನು ಮಾತ್ರ ಬರೆಯುತ್ತಾರೆ. ಮಗು ಹುಟ್ಟಿದರೆ 'ಹೆಚ್ಚಳ', ಮುದುಕಿ ಸತ್ತರೆ 'ಇಳಿತ'. ದನದ ಕೊಟ್ಟಿಗೆಯ ಲೆಕ್ಕವನ್ನೂ ಹೀಗೆಯೇ ಇಡುತ್ತಾರೆ. ಆದರೆ ಷರಾದ ಅಂಕಣದಲ್ಲಿ ಎಷ್ಟೋ ಕಡೆ ಒಂದು ಪುಟ್ಟ ವಾಕ್ಯವಿರುತ್ತದೆ: ಇಂಥವಳ ಮಗ, ಇಂಥವಳ ಮಗಳು. ತಂದೆಯ ಹೆಸರನ್ನು ಕೇಳಿದವರಿಲ್ಲ. ತಾಯಿ ಗುಲಾಮಳಾದರೆ ಮಗುವೂ ಗುಲಾಮ ಎಂಬುದು ಅಲ್ಲಿನ ಕಾನೂನು. ಒಡೆಯನ ಹಕ್ಕು ಸಾಗಿಬರುವುದು ತಾಯಿಯ ಮೂಲಕ. ಅವಳ ಹೆಸರು ಬರಹದಲ್ಲಿ ನಿಲ್ಲಲು ಕಾರಣ ಕರುಣೆಯಲ್ಲ, ಆಸ್ತಿ. ಆದರೂ ಇನ್ನೂರು ವರ್ಷಗಳ ಮೇಲೆ ಮೊಮ್ಮಗಳ ಕೈಗೆ ಸಿಗುವುದು ಅದೇ ಹೆಸರು.

ಹೆಸರುಗಳೂ ಮಾತನಾಡುತ್ತವೆ. ಒಡೆಯರು ವಿನೋದಕ್ಕೋ ಏನೋ ಸೀಸರ್, ಪಾಂಪಿ, ವೀನಸ್ ಎಂದೆಲ್ಲ ಕರೆದರು. ಅವುಗಳ ನಡುವೆಯೇ ಕ್ವಾಶೀ, ಕಡ್ಜೊ, ಫಿಬ್ಬಾ ಎಂಬ ಹೆಸರುಗಳು ಬರುತ್ತವೆ. ಇವು ಪಶ್ಚಿಮ ಆಫ್ರಿಕದ ಅಕಾನ್ ಜನರ ವಾರದ ಹೆಸರುಗಳು: ಭಾನುವಾರ ಹುಟ್ಟಿದ ಗಂಡು ಕ್ವಾಶೀ, ಸೋಮವಾರದವನು ಕಡ್ಜೊ, ಶುಕ್ರವಾರ ಹುಟ್ಟಿದ ಹೆಣ್ಣು ಫಿಬ್ಬಾ. ತುಳುನಾಡಿನ ಐತ, ಅಂಗಾರ, ತುಕ್ರ, ತನಿಯ ಎಂಬ ಹೆಸರುಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಮುದ್ರ ದಾಟುವಾಗ ಕೈಯಲ್ಲಿ ಏನನ್ನೂ ತರಲಾಗದವರು ವಾರದ ಲೆಕ್ಕವನ್ನು ತಂದರು. ಒಡೆಯನ ಪುಸ್ತಕವೇ ಅದನ್ನು ಕಾಪಾಡಿತು.

ಆದರೂ ಹುಡುಕಾಟ ಸುಲಭವಲ್ಲ. ಪಟ್ಟಿಗಳಿರುವುದು ಒಡೆಯರ ಹೆಸರಿನ ಅಡಿಯಲ್ಲಿ. ತನ್ನ ಮುತ್ತಜ್ಜಿಯನ್ನು ಕಾಣಬೇಕಾದರೆ ಅವಳನ್ನು ಕೊಂಡವನ ಹೆಸರು ಮೊದಲು ತಿಳಿದಿರಬೇಕು. ಮನೆತನದ ಅಡ್ಡಹೆಸರು ಒಡೆಯನದೇ ಎಂದು ನಂಬುವಂತಿಲ್ಲ. ದೀಕ್ಷಾಸ್ನಾನವಾದೊಡನೆ ಫಿಬ್ಬಾ ಮೇರಿಯಾಗಿಬಿಡುತ್ತಾಳೆ. ಗುಮಾಸ್ತ ಎರಡೂ ಹೆಸರುಗಳನ್ನು ಬರೆದಿದ್ದರೆ ಪುಣ್ಯ, ಇಲ್ಲದಿದ್ದರೆ ಎಳೆ ಅಲ್ಲಿಗೇ ಕಡಿಯಿತು.

ಇಲ್ಲಿ ನೆರವಿಗೆ ಬರುವುದು ಪರಿಹಾರದ ಕಡತ. ಬಿಡುಗಡೆಯ ಕಾಲದಲ್ಲಿ ಬ್ರಿಟಿಷ್ ಸರ್ಕಾರ ೨ ಕೋಟಿ ಪೌಂಡುಗಳ ಪರಿಹಾರ ಕೊಟ್ಟಿತು. ಕೊಟ್ಟದ್ದು ಒಡೆಯರಿಗೆ, ಬಿಡುಗಡೆಯಾದ ಸುಮಾರು ೮ ಲಕ್ಷ ಜನಕ್ಕೆ ಒಂದು ಕಾಸೂ ಇಲ್ಲ. ಅದಕ್ಕಾಗಿ ಎತ್ತಿದ ಸಾಲದ ಕೊನೆಯ ಬಾಕಿ ತೀರಿದ್ದು ೨೦೧೫ರಲ್ಲಿ. ಹಣ ಕೇಳಲು ಬಂದವರು ತಮ್ಮ ಹೆಸರು, ತೋಟ, ಗುಲಾಮರ ಸಂಖ್ಯೆಗಳನ್ನು ತಾವೇ ಬರೆದುಕೊಟ್ಟರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿದ್ವಾಂಸರು ಅವನ್ನೆಲ್ಲ ಜೋಡಿಸಿ ೨೦೧೩ರಲ್ಲಿ ಸಾರ್ವಜನಿಕರ ಮುಂದಿಟ್ಟರು. ಒಡೆಯನ ದುರಾಶೆಯ ಅರ್ಜಿ ಇಂದು ಮೊಮ್ಮಗಳಿಗೆ ಕೈಮರವಾಗಿದೆ.

ಕೊನೆಗೆ ಒಂದು ಗೋಡೆ ಎದುರಾಗುತ್ತದೆ. ಜಮೈಕದ ಪುಟದಲ್ಲಿ 'ಆಫ್ರಿಕನ್' ಎಂಬ ಒಂದೇ ಪದ, ಊರಿಲ್ಲ, ಕುಲವಿಲ್ಲ. ಟ್ರಿನಿಡಾಡಿನ ಪಟ್ಟಿ ಇದಕ್ಕಿಂತ ಉದಾರಿ. ಅಲ್ಲಿ ಎತ್ತರ, ಮೈಮೇಲಿನ ಗುರುತು, ಇಬೊ, ಕಾಂಗೊ ಮುಂತಾದ ಮೂಲವೂ ಸಿಗುತ್ತದೆ. ಗುಲಾಮಗಿರಿ ಮುಗಿದ ಮೇಲೆ, ೧೮೩೮ರಿಂದ ೧೯೧೭ರವರೆಗೆ, ನಮ್ಮ ದೇಶದಿಂದ ೪ ಲಕ್ಷಕ್ಕೂ ಹೆಚ್ಚು ಮಂದಿ ಕರಾರು ಕೂಲಿಗಳಾಗಿ ಅದೇ ಕಬ್ಬಿನ ಸೀಮೆಗೆ ಹೋದರು. ಹೆಚ್ಚಿನವರು ಕಲ್ಕತ್ತೆಯಿಂದ, ಕೆಲವರು ಮದರಾಸಿನಿಂದ. ಅವರ ವಲಸೆ ಚೀಟಿಯಲ್ಲಿ ತಂದೆಯ ಹೆಸರು, ಜಾತಿ, ಜಿಲ್ಲೆ, ಠಾಣೆ, ಗ್ರಾಮಗಳಿವೆ. ಆ ಚೀಟಿ ಹಿಡಿದು ಗಯಾನಾ, ಟ್ರಿನಿಡಾಡುಗಳಿಂದ ಬಿಹಾರದ, ಉತ್ತರ ಪ್ರದೇಶದ ಹಳ್ಳಿಗೆ ಬಂದು ಮುತ್ತಜ್ಜನ ಮನೆಯ ಬಾಗಿಲು ತಟ್ಟಿದವರಿದ್ದಾರೆ. ಫಿಬ್ಬಾಳ ಮೊಮ್ಮಗಳಿಗೆ ತಟ್ಟಲು ಬಾಗಿಲಿಲ್ಲ.

ನಾನು ಇತಿಹಾಸಕಾರನಲ್ಲ, ಕನ್ನಡ ಪಾಠ ಹೇಳಿಕೊಂಡಿದ್ದವನು. ಶಾಸನಗಳನ್ನು ಓದಿಸುವಾಗ ವಿದ್ಯಾರ್ಥಿಗಳಿಗೆ ಒಂದು ಮಾತು ಹೇಳುತ್ತಿದ್ದೆ: ಬರೆಸಿದವನ ಉದ್ದೇಶ ಬೇರೆ, ಓದುವವನ ಪ್ರಯೋಜನ ಬೇರೆ. ದತ್ತಿಯ ಗಡಿ ಹೇಳಲೆಂದು ಕಂಡರಿಸಿದ ಕಲ್ಲಿನಿಂದ ನಾವು ಅಂದಿನ ಕೆರೆ, ಮರ, ಊರುಗಳನ್ನು ತಿಳಿಯುತ್ತೇವೆ. ಸ್ವತ್ತಿನ ಲೆಕ್ಕವನ್ನು ತಾಯಿಯ ನೆನಪಾಗಿ ಓದುವವರು ಅದೇ ವಿದ್ಯೆಯನ್ನು ಎಷ್ಟೋ ಹೆಚ್ಚಿನ ನೋವಿನಿಂದ ಕಲಿತಿದ್ದಾರೆ.

ಅವರ ಈ ಹುಡುಕಾಟವನ್ನು ಓದಿದ ಮೇಲೆ ನಮ್ಮೂರಿನ ಹೆಳವ ಮತ್ತೆ ನೆನಪಾದ. ಅವನ ಎತ್ತು ಊರ ಬೀದಿಗಳಲ್ಲೆಲ್ಲ ನಿಲ್ಲುತ್ತಿತ್ತು. ಊರ ಹೊರಗಿನ ಕೇರಿಯಲ್ಲಿ ಅದು ನಿಂತದ್ದನ್ನು ನಾನು ಕಂಡ ನೆನಪಿಲ್ಲ. ನಮ್ಮ ಹೊಲಗಳಲ್ಲಿ ದುಡಿದ ಆ ಕೇರಿಯವರ ಅಜ್ಜಂದಿರ ಹೆಸರು ಯಾವ ಲೆಕ್ಕದ ಪುಸ್ತಕದಲ್ಲಿದೆಯೆಂದು ಆಗ ನನಗೆ ಕೇಳಬೇಕೆನಿಸಲಿಲ್ಲ. ಈಗ ಕೇಳೋಣವೆಂದರೆ, ಹೇಳಬಲ್ಲ ಹಿರಿಯರು ಯಾರೂ ಉಳಿದಿಲ್ಲ.