ಆಲ್ಪ್ಸ್ ಪರ್ವತದ ಶಿಲಾಭೇದಿಗಳು

ಹೂವನ್ನು ಕಣ್ಣಿಗೆ ತೋರಿಸಿ ಪಾಠ ಹೇಳುವುದು ನಮ್ಮಂಥ ಉಪಾಧ್ಯಾಯರ ವಾಡಿಕೆ. ಈ ಹೊತ್ತು ಅದನ್ನು ಕಿವಿಗೆ ತೋರಿಸಬೇಕಾಗಿದೆ. ಅದೂ ನಮ್ಮ ನಾಡಿನಲ್ಲಿ ಬೆಳೆಯದ ಹೂವನ್ನು. ಕೇಳುವ ಮಹನೀಯರೂ ಮಹಿಳೆಯರೂ ಸ್ವಲ್ಪ ತಾಳ್ಮೆ ವಹಿಸಬೇಕೆಂದು ಬೇಡುತ್ತೇನೆ.

ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲಿ, ಮರಗಳು ಬೆಳೆಯಲಾರದ ಎತ್ತರದಲ್ಲಿ, ಬಂಡೆಯ ಬಿರುಕುಗಳನ್ನೂ ಕಲ್ಲುರಾಶಿಗಳನ್ನೂ ಆಶ್ರಯಿಸಿ ಬಾಳುವ ಸಣ್ಣ ಗಿಡಗಳ ಕುಲವೊಂದುಂಟು. ಸ್ಯಾಕ್ಸಿಫ್ರಾಗ ಎಂದು ಅದರ ಹೆಸರು. ಲ್ಯಾಟಿನ್ ಭಾಷೆಯಲ್ಲಿ ಇದಕ್ಕೆ ಕಲ್ಲನ್ನೊಡೆಯುವುದೆಂದು ಅರ್ಥ. ಬೇರು ಬಂಡೆಯನ್ನು ಸೀಳುವುದರಿಂದ ಈ ಹೆಸರೆಂದು ಕೆಲವರೂ, ಮೂತ್ರಾಶ್ಮರಿಗೆ ಮದ್ದಾದುದರಿಂದ ಎಂದು ಕೆಲವರೂ ಹೇಳುತ್ತಾರೆ. ನಮ್ಮ ಆಯುರ್ವೇದದ ಪಾಷಾಣಭೇದವೆಂಬ ಶಬ್ದಕ್ಕೂ ಇದೇ ಅರ್ಥವಷ್ಟೆ! ಹಿಮಾಲಯದ ಆ ಮೂಲಿಕೆಯನ್ನು ಸಸ್ಯಶಾಸ್ತ್ರಜ್ಞರು ಹಿಂದೆ ಈ ಕುಲದಲ್ಲಿಯೇ ಎಣಿಸಿದ್ದರು. ಈಗ ಅದು ಬರ್ಜೀನಿಯ ಎಂಬ ಬೇರೆ ಕುಲದಲ್ಲಿದೆ. ಕುಟುಂಬ ಮಾತ್ರ ಒಂದೇ.

ಈ ಕುಲದಲ್ಲಿ ನಾನೂರಕ್ಕೂ ಮಿಕ್ಕ ಪ್ರಭೇದಗಳುಂಟು. ಅವುಗಳಲ್ಲಿ ಅಕ್ಕತಂಗಿಯರಂತಿರುವ ಮೂರನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇನೆ: ಆಪೊಸಿಟಿಫೋಲಿಯ, ಬೈಫ್ಲೋರ, ರೆಟ್ಯೂಸ. ಮೂರೂ ನೆಲಕ್ಕೆ ಅಂಟಿ ಹರಡುತ್ತವೆ. ಮೂರರಲ್ಲಿಯೂ ಎಲೆಗಳು ಎದುರೆದುರಾಗಿ ಹುಟ್ಟುತ್ತವೆ. ಮೂರರ ಹೂವೂ ಕೆನ್ನೇರಿಳೆ.

ಹಿಂದೊಮ್ಮೆ ಇಂಥ ಒಣಗಿಸಿದ ಗಿಡವೊಂದು ನನ್ನ ಕೈಗೆ ಬಂದಿತು. ಬಣ್ಣವನ್ನೂ ಎಲೆಯ ಜೋಡಣೆಯನ್ನೂ ಕಂಡ ಕೂಡಲೇ ಆಪೊಸಿಟಿಫೋಲಿಯ ಎಂದು ಚೀಟಿ ಬರೆದು ಅಂಟಿಸಿದೆ. ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನು ಭೂತಗನ್ನಡಿಯನ್ನು ಹಿಡಿದು ನೋಡಿ, "ಎಲೆಯ ಮೇಲೆ ಐದು ಚುಕ್ಕೆಗಳಿವೆಯಲ್ಲ, ಸಾರ್?" ಎಂದನು. ನಾನು ಎಣಿಸಿಯೇ ಇರಲಿಲ್ಲ.

ಆ ಚುಕ್ಕೆಗಳು ಸೂಕ್ಷ್ಮ ರಂಧ್ರಗಳು. ಅವುಗಳ ಮೂಲಕ ಗಿಡವು ಸುಣ್ಣ ಬೆರೆತ ನೀರನ್ನು ಹೊರಹಾಕುತ್ತದೆ. ನೀರು ಆರಿದರೆ ಸುಣ್ಣದ ಬಿಳಿಯ ಹಕ್ಕಳೆ ಉಳಿಯುವುದುಂಟು. ಆಪೊಸಿಟಿಫೋಲಿಯದಲ್ಲಿ ಸಾಮಾನ್ಯವಾಗಿ ಎಲೆಯ ತುದಿಗೆ ರಂಧ್ರ ಒಂದೇ. ರೆಟ್ಯೂಸದಲ್ಲಿ ಮೂರರಿಂದ ಐದು. ಇನ್ನು ಹೂವು. ಆಪೊಸಿಟಿಫೋಲಿಯದ ಗಿಡ್ಡ ತೊಟ್ಟಿನ ತುದಿಗೆ ಒಂಟಿ ಹೂವು. ಉಳಿದೆರಡರಲ್ಲಿ ಒಂದೇ ಕಾಂಡದ ಮೇಲೆ ಎರಡು ಮೂರು ಹೂಗಳು ಕೂಡಿರುವುದು ವಾಡಿಕೆ. ಹಾಗಾದರೆ ಆ ಎರಡನ್ನು ಬೇರ್ಪಡಿಸುವುದು ಹೇಗೆ? ರೆಟ್ಯೂಸದ ಕೇಸರಗಳು ಎಸಳಿಗಿಂತ ಉದ್ದವಾಗಿ ಹೊರಗೆ ಚಾಚಿರುತ್ತವೆ. ಎಲೆಗಳು ಒತ್ತಾಗಿ ಹೊರಬಾಗಿರುತ್ತವೆ. ಬೈಫ್ಲೋರದ ಕೇಸರಗಳು ಎಸಳಿಗಿಂತ ಗಿಡ್ಡ, ಎಲೆಗಳು ವಿರಳ, ಕಿರಿದಾದ ಎಸಳುಗಳ ನಡುವೆ ತೆರವಿದ್ದು, ಹೂವಿನ ಮಧ್ಯದ ಹಳದಿಯ ತಟ್ಟೆ ಎದ್ದು ಕಾಣುತ್ತದೆ.

ಇಷ್ಟರಿಂದ ಸಮಸ್ಯೆ ಮುಗಿಯಿತೆನ್ನುವಂತಿಲ್ಲ. ಆಪೊಸಿಟಿಫೋಲಿಯವೂ ಬೈಫ್ಲೋರವೂ ಒಂದೆಡೆ ಬೆಳೆದಲ್ಲಿ ಬೆರೆತು ಮಿಶ್ರತಳಿಯನ್ನು ಹುಟ್ಟಿಸುವುದುಂಟು. ಆದುದರಿಂದ ಒಂದು ಲಕ್ಷಣವನ್ನು ಮಾತ್ರ ನೆಚ್ಚದೆ ಎಲ್ಲವನ್ನೂ ಕೂಡಿಸಿ ತೀರ್ಮಾನಿಸಬೇಕು.

ಲೀನಿಯಸ್ ಪಂಡಿತನು 1753ರಲ್ಲಿ ಹೆಸರಿಟ್ಟ ಆಪೊಸಿಟಿಫೋಲಿಯದ ಸಾಹಸ ಅಸಾಧಾರಣವಾದುದು. ಉತ್ತರಧ್ರುವದ ಕಡೆ ಭೂಮಿಯ ಕೊನೆಯಂಚಿನಲ್ಲಿಯೂ ಅದು ಬೆಳೆಯುತ್ತದೆ. ಸ್ವಿಟ್ಜರ್‌ಲೆಂಡಿನ ಡೋಮ್ ಶಿಖರದಲ್ಲಿ 4,500 ಮೀಟರಿಗೂ ಮೇಲೆ ಅದು ಹೂಬಿಡುವುದನ್ನು ಕಂಡು 2011ರಲ್ಲಿ ವರದಿ ಪ್ರಕಟಿಸಿದರು. ಭೂಮಿ ಬಿಸಿಯೇರುತ್ತಿರುವ ಈ ಕಾಲದಲ್ಲಿ ಪರ್ವತದ ಗಿಡಗಳು ಮೇಲಕ್ಕೆ ಸರಿಯುತ್ತಿವೆ. ಯಾವುದು ಸರಿಯಿತು, ಯಾವುದು ಅಳಿಯಿತು ಎಂದು ಹೇಳಬೇಕಾದರೆ ಮೊದಲು ಯಾವುದು ಯಾವುದೆಂದು ತಿಳಿದಿರಬೇಕು. ತಪ್ಪು ಚೀಟಿ ಅಂಟಿಸಿದ ಗಿಡ ಮುಂದಿನವರಿಗೆ ಸುಳ್ಳುಸಾಕ್ಷಿಯಾಗುತ್ತದೆ.

ಇದು ದೂರದೇಶದ ಮಾತೆಂದು ತಳ್ಳಿಬಿಡುವಂತಿಲ್ಲ. ಪಾಷಾಣಭೇದವೆಂಬ ಹೆಸರು ನಮ್ಮಲ್ಲಿ ಕೆಲವೆಡೆ ದೊಡ್ಡಪತ್ರೆಗೂ ಸಲ್ಲುತ್ತದೆ. ಹಿಮಾಲಯದ ಬೇರು ಬೇರೆ, ಹಿತ್ತಲಿನ ಎಲೆ ಬೇರೆ. ಹೆಸರನ್ನು ಮಾತ್ರ ಕೇಳಿ ಮದ್ದು ಕೊಟ್ಟರೆ ಅದನ್ನು ಅನುಭವಿಸುವವನು ರೋಗಿ.

ನನ್ನ ಹಳೆಯ ಚೀಟಿಯನ್ನು ನಾನು ಕಿತ್ತುಹಾಕಲಿಲ್ಲ. ಅದರ ಮೇಲೆ ಗೀಟೆಳೆದು, ಕೆಳಗೆ ರೆಟ್ಯೂಸ ಎಂದು ಆ ವಿದ್ಯಾರ್ಥಿಯ ಕೈಯಿಂದಲೇ ಬರೆಯಿಸಿದೆ. ಪ್ರತಿವರ್ಷವೂ ಹೊಸ ತರಗತಿಗೆ ಮೊದಲು ತೋರಿಸುವುದು ಆ ಹಾಳೆಯನ್ನೇ.