ಹಂದಿಯ ಜೀವಕೋಶ ಮತ್ತು ನಮ್ಮ ಕರಾವಳಿಯ ಮಕ್ಕಳು

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಿಂದ ಬಂದಿರುವ ಬಂಧುಗಳೇ,

ಹಂದಿಯ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಸ್ರವಿಸುವ ಕೋಶಗಳನ್ನು ಬಿಡಿಸಿ ತೆಗೆದು ಮಧುಮೇಹಿಯ ದೇಹದಲ್ಲಿ ನೆಲೆಗೊಳಿಸುವ ಚಿಕಿತ್ಸೆ ಇನ್ನೂ ಪ್ರಯೋಗದ ಹಂತದಲ್ಲಿದೆ. ಅದು ಯಾರಿಗೆ ಬೇಕು ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿತು. ಬಹುಪಾಲು ಜನ ಟೈಪ್ 2ರವರು; ಅವರಿಗೆ ಪಥ್ಯ, ನಡಿಗೆ, ಮಾತ್ರೆ ಬೇಕು, ಕಸಿಯಲ್ಲ. ಕಸಿ ಬೇಕಾಗಿರುವುದು ದೇಹದಲ್ಲಿ ಇನ್ಸುಲಿನ್ ಹುಟ್ಟದ ಟೈಪ್ 1ರವರಿಗೆ, ಅದರಲ್ಲೂ ಸಕ್ಕರೆ ಕುಸಿದದ್ದು ತಮಗೇ ತಿಳಿಯದೆ ನಿದ್ದೆಯಲ್ಲೇ ಎಚ್ಚರ ತಪ್ಪುವವರಿಗೆ. ಈ ಚಿಕಿತ್ಸೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆಂದು ನಾನು ನಂಬಿದ್ದೇನೆ. ಆದರೆ ಅದು ನಮ್ಮ ಮಕ್ಕಳಿಗೆ ದಕ್ಕಬೇಕಾದರೆ ನಮ್ಮ ತಾಲೂಕು ಆಸ್ಪತ್ರೆಗಳು ಈಗಲೇ ಸಜ್ಜಾಗಬೇಕು. ನಾನು ಹೇಳಲು ಬಂದಿರುವುದು ಇದನ್ನೇ.

ಸಕ್ಕರೆ ಕಾಯಿಲೆಗೆ ಪ್ರಾಣಿಯ ನೆರವು ಹೊಸದೇನಲ್ಲ. 1893ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 15 ವರ್ಷದ ಹುಡುಗನೊಬ್ಬನ ಚರ್ಮದಡಿ ಕುರಿಯ ಗ್ರಂಥಿಯ ತುಂಡುಗಳನ್ನಿಟ್ಟು ನೋಡಿದ್ದರು. ಮೂರೇ ದಿನಕ್ಕೆ ಹುಡುಗ ತೀರಿಕೊಂಡ. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಪತ್ತೆಯಾದ ಮೇಲೆ ಆರು ದಶಕ ಕಾಲ ಜಗತ್ತಿನ ಮಧುಮೇಹಿಗಳನ್ನು ಬದುಕಿಸಿದ್ದು ದನ ಮತ್ತು ಹಂದಿಗಳ ಇನ್ಸುಲಿನ್ನೇ. ಹಂದಿಯದಕ್ಕೂ ಮನುಷ್ಯನದಕ್ಕೂ ಇರುವುದು ಒಂದೇ ಒಂದು ಅಮೈನೋ ಆಮ್ಲದ ವ್ಯತ್ಯಾಸ. 1982ರಲ್ಲಿ ಅಮೆರಿಕದಲ್ಲಿ ಬ್ಯಾಕ್ಟೀರಿಯಾದಿಂದ ತಯಾರಿಸಿದ ಮಾನವ ಇನ್ಸುಲಿನ್‌ಗೆ ಅನುಮತಿ ದೊರೆಯಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಯೀಸ್ಟ್‌ನಿಂದ ತಯಾರಿಸಿ ಮಾರುಕಟ್ಟೆಗೆ ತಂದಿತು. ಆದರೂ ಕೋಶದ ಕೆಲಸವನ್ನು ಸೂಜಿ ಮಾಡಲಾರದು. ಕೋಶ ಕ್ಷಣಕ್ಷಣಕ್ಕೂ ರಕ್ತದ ಸಕ್ಕರೆಯನ್ನು ಅರಿತು ಬೇಕಾದಷ್ಟೇ ಇನ್ಸುಲಿನ್ ಬಿಡುತ್ತದೆ. 2000ರಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಮೃತ ದಾನಿಗಳ ಕೋಶಗಳನ್ನು ಯಕೃತ್ತಿನ ರಕ್ತನಾಳಕ್ಕೆ ಹರಿಸಿದಾಗ ಏಳು ರೋಗಿಗಳೂ ಇನ್ಸುಲಿನ್ ಬಿಟ್ಟು ಬದುಕುವಂತಾಯಿತು. ಮುಂದಿನ ವರ್ಷಗಳಲ್ಲಿ ಆ ಫಲ ಹಲವರಲ್ಲಿ ಕುಗ್ಗಿತು, ನಿಜ. ಆದರೆ ದಾರಿ ಇದೇ ಎಂಬುದು ಸಾಬೀತಾಯಿತು. ತೊಡಕಿರುವುದು ದಾನಿಗಳ ಕೊರತೆಯಲ್ಲಿ. ಒಬ್ಬ ರೋಗಿಗೆ ಅನೇಕ ಸಲ ಇಬ್ಬರು ದಾನಿಗಳ ಕೋಶ ಬೇಕು; ನಮ್ಮ ದೇಶದಲ್ಲಿ ಹತ್ತು ಲಕ್ಷ ಜನರಿಗೆ ಒಬ್ಬ ಮೃತ ದಾನಿಯೂ ಸಿಗುತ್ತಿಲ್ಲ. ಹಂದಿಯ ಕಡೆ ನೋಡುವ ಅನಿವಾರ್ಯ ಹುಟ್ಟಿದ್ದು ಇಲ್ಲಿ.

ಪ್ರಾಣಿಯ ಕೋಶದ ಜೊತೆ ಪ್ರಾಣಿಯ ರೋಗವೂ ಬಂದರೆ ಎಂಬ ಆತಂಕವನ್ನು ಹಗುರವಾಗಿ ಕಾಣಬಾರದು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯ ಭಯವನ್ನು ಹೊನ್ನಾವರದ ಕಾಡಂಚಿನ ಊರುಗಳು ಇಂದಿಗೂ ಅನುಭವಿಸುತ್ತಿವೆ. ಆತಂಕ ಪಡುವ ಹಕ್ಕು ನಮಗೆ ಉಳಿದವರಿಗಿಂತ ಹೆಚ್ಚೇ ಇದೆ. 2022ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹಂದಿಯ ಹೃದಯ ಪಡೆದ ರೋಗಿ ಎರಡು ತಿಂಗಳಲ್ಲಿ ತೀರಿಕೊಂಡಾಗ ಆ ಹೃದಯದಲ್ಲಿ ಹಂದಿಯ ವೈರಸ್ ಪತ್ತೆಯಾಗಿತ್ತು. ಆದರೆ ಉತ್ತರಗಳೂ ಬೆಳೆಯುತ್ತಿವೆ. 2015ರಲ್ಲಿ ಹಾರ್ವರ್ಡ್‌ನ ಜಾರ್ಜ್ ಚರ್ಚ್ ಅವರ ತಂಡ ಹಂದಿಯ ಕೋಶದ ವಂಶವಾಹಿಯಲ್ಲೇ ಅಡಗಿದ್ದ ವೈರಸ್ಸಿನ 62 ಪ್ರತಿಗಳನ್ನು ನಿಷ್ಕ್ರಿಯಗೊಳಿಸಿ ತೋರಿಸಿತು. ನ್ಯೂಜಿಲೆಂಡ್‌ನಲ್ಲಿ 1996ರಲ್ಲಿ, ದೇಹದ ಪ್ರತಿರೋಧ ತಾಗದಂತೆ ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್‌ನ ಸಣ್ಣ ಗುಳಿಗೆಗಳೊಳಗೆ ಹಂದಿಯ ಕೋಶಗಳನ್ನಿಟ್ಟು ಕಸಿ ಮಾಡಿದ ರೋಗಿಯ ದೇಹದಲ್ಲಿ ಒಂಬತ್ತು ವರ್ಷ ಕಳೆದ ಮೇಲೂ ಜೀವಂತ ಕೋಶಗಳು ಸಿಕ್ಕವು. ಅವು ಸ್ರವಿಸುತ್ತಿದ್ದ ಇನ್ಸುಲಿನ್ ಅತ್ಯಲ್ಪ, ಹಾಗಾಗಿ ಅದನ್ನು ಗೆಲುವೆಂದು ಕರೆಯಲಾರೆ. ಅವಸರದ ಫಲವೇನೆಂಬುದನ್ನು ನಮ್ಮ ದೇಶವೇ ಕಂಡಿದೆ: 1997ರಲ್ಲಿ ಅಸ್ಸಾಮಿನಲ್ಲಿ ಡಾ. ಧನಿರಾಮ್ ಬರುವಾ ಹಂದಿಯ ಹೃದಯ ಕಸಿ ಮಾಡಿದರು. ವಾರದಲ್ಲೇ ರೋಗಿ ತೀರಿಕೊಂಡರು, ವೈದ್ಯರು ಜೈಲಿಗೆ ಹೋದರು.

ಭಟ್ಕಳದ ಮುಸ್ಲಿಂ ಬಂಧುಗಳಿಗೂ ಸಸ್ಯಾಹಾರಿ ಮನೆತನಗಳಿಗೂ ಹಂದಿಯ ಕೋಶವೆಂದರೆ ಮನಸ್ಸು ಹಿಂಜರಿಯುವುದು ಸಹಜ. ಅದನ್ನು ಮೌಢ್ಯವೆನ್ನುವವರ ಜೊತೆ ನಾನಿಲ್ಲ. ಪ್ರಾಣ ಉಳಿಸುವ ಅನಿವಾರ್ಯಕ್ಕೆ ಇಸ್ಲಾಮಿನ ನ್ಯಾಯಶಾಸ್ತ್ರದಲ್ಲಿ ಜಾಗವಿದೆ, ತೀರ್ಮಾನ ಅದನ್ನು ಬಲ್ಲ ವಿದ್ವಾಂಸರದು. ವೈದ್ಯರ ಹೊಣೆಯೆಂದರೆ ಕೋಶದ ಮೂಲವನ್ನು ಮುಚ್ಚಿಡದೆ ಹೇಳುವುದು, ಬೇಡವೆಂದವರಿಗೆ ಬೇರೆ ದಾರಿ ತೋರುವುದು. ಆ ದಾರಿಯೂ ತೆರೆಯುತ್ತಿದೆ. ಮಾನವ ಕಾಂಡಕೋಶಗಳಿಂದ ಬೆಳೆಸಿದ ಕೋಶಗಳನ್ನು ಪಡೆದ 12 ಮಂದಿಯಲ್ಲಿ 10 ಜನ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಇಲ್ಲದೆ ಇದ್ದರೆಂದು 2025ರಲ್ಲಿ ವರದಿಯಾಗಿದೆ. ಹಾಗಾದರೆ ಹಂದಿಯ ಗೊಡವೆ ಯಾಕೆ ಎನ್ನಬಹುದು. ಯಾವುದು ಅಗ್ಗವಾಗಿ, ಹೆಚ್ಚು ಜನರಿಗೆ ಸಿಕ್ಕೀತೆಂದು ಇನ್ನೂ ತೀರ್ಮಾನವಾಗಿಲ್ಲ. ಅಲ್ಲಿಯವರೆಗೆ ಎರಡೂ ನಡೆಯಲಿ.

ಕೋಶ ಯಾವುದೇ ಇರಲಿ, ಇಂದಿನ ಸ್ಥಿತಿಯಲ್ಲಿ ಕಸಿಯಾದವರು ಸಾಮಾನ್ಯವಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧವನ್ನು ಬಿಡದೆ ಸೇವಿಸಬೇಕು, ಆಗಾಗ ರಕ್ತಪರೀಕ್ಷೆ ಮಾಡಿಸಬೇಕು, ಜ್ವರ ಬಂದರೆ ತಕ್ಷಣ ತಜ್ಞರ ಬಳಿ ಹೋಗಬೇಕು. ಅಂಥ ತಜ್ಞರಿರುವ ಮಣಿಪಾಲ ಹೊನ್ನಾವರದಿಂದ ನೂರು ಕಿಲೋಮೀಟರಿಗೂ ಆಚೆ. 2022ರ ಜುಲೈ 20ರಂದು ಹೊನ್ನಾವರದ ರೋಗಿಯನ್ನು ಹೊತ್ತು ದಕ್ಷಿಣಕ್ಕೆ ಧಾವಿಸುತ್ತಿದ್ದ ಆಂಬ್ಯುಲೆನ್ಸ್ ಶಿರೂರು ಟೋಲ್‌ಗೇಟ್‌ನಲ್ಲಿ ಉರುಳಿ ನಾಲ್ವರು ಸತ್ತರು. ಸುಸಜ್ಜಿತ ಆಸ್ಪತ್ರೆಗಾಗಿ ಜಿಲ್ಲೆಯ ಜನ ಆಗ ಎತ್ತಿದ ದನಿ ನಿಮಗೆಲ್ಲ ನೆನಪಿದೆ. ಈ ದೂರ ಹೀಗೇ ಉಳಿದರೆ ಎಷ್ಟೇ ಒಳ್ಳೆಯ ಕಸಿಯೂ ಇಲ್ಲಿನವರಿಗೆ ಅಪಾಯಕಾರಿ. ಇನ್ಸುಲಿನ್‌ಗೇ ಪರದಾಡುವ ಕಡೆ ಕಸಿಯ ಮಾತೇಕೆ ಎಂದು ಕೇಳುವವರಿಗೂ ನನ್ನ ಉತ್ತರ ಇದೇ: ಎರಡಕ್ಕೂ ಬೇಕಾದ ಏರ್ಪಾಡು ಒಂದೇ. ಆದ್ದರಿಂದ ಇಂದು ಸಂಜೆ ನಾವು ಅಂಗೀಕರಿಸುವ ನಿರ್ಣಯದಲ್ಲಿ ಎರಡು ಬೇಡಿಕೆ ಸೇರಿಸಬೇಕೆಂದು ಕೋರುತ್ತೇನೆ. ಮೂರು ತಾಲೂಕುಗಳ ಟೈಪ್ 1 ಮಕ್ಕಳ ವಿವರ ಸರ್ಕಾರಿ ಆಸ್ಪತ್ರೆಗಳಲ್ಲಿ ಗೋಪ್ಯವಾಗಿ ದಾಖಲಾಗಲಿ; ಆ ಮಕ್ಕಳಿಗೆ ಇನ್ಸುಲಿನ್, ಸಕ್ಕರೆ ಪರೀಕ್ಷೆಯ ಪಟ್ಟಿ, ತಿಂಗಳಿಗೊಮ್ಮೆ ತಜ್ಞ ವೈದ್ಯರ ತಪಾಸಣೆ ತಾಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಸಿಗಲಿ. ಕಸಿಗೆ ಯಾರು ಅರ್ಹರೆಂದು ಆಯುವ ದಿನ ಬಂದಾಗ ವೈದ್ಯರು ಮೊದಲು ಕೇಳುವುದು ಆ ದಾಖಲೆಯನ್ನೇ.