ದ್ವಿದಳ ಬೆಳೆಗಳ ಪರಾವಲಂಬಿ ಕಳೆಗಳೂ ಶಿಲೀಂಧ್ರಗಳ ನೆರವೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನಾದವನು ಇಂಥ ಶುಭ ಸಂದರ್ಭದಲ್ಲಿ ಕಾವ್ಯವನ್ನು ಬಿಟ್ಟು ಕಳೆಯ ಮಾತನ್ನೆತ್ತಿದನೆಂದು ತಾವು ಆಶ್ಚರ್ಯಪಡಬಹುದು. ಆದರೆ ಅಕ್ಕಲಕೋಟೆಯ ಈ ಸೀಮೆಯಲ್ಲಿ ಕನ್ನಡವನ್ನಾಡುವ ಮನೆಗಳಲ್ಲಿ ಅನೇಕವು ಒಕ್ಕಲುಮನೆಗಳು. ತೊಗರಿ, ಕಡಲೆ, ಉದ್ದು, ಹೆಸರುಗಳೇ ಅವುಗಳ ಆಸರೆ. ಹೊಲದ ವಿಚಾರಕ್ಕೆ ಒದಗದ ನುಡಿಯು ಹಬ್ಬದ ದಿನದ ಉಡುಪಾಗಿ ಮಾತ್ರ ಉಳಿದೀತು. ಆ ಕಾರಣದಿಂದ ಇಂದು ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಮರದ ಕೊಂಬೆಯಲ್ಲಿ ನೆಲೆಸಿ ಅದರ ಸಾರವನ್ನು ಹೀರುವ ಗಿಡವನ್ನು ನಾವು ಬಂದಳಿಕೆಯೆನ್ನುತ್ತೇವೆ. ಬೆಳೆಯ ಮೇಲೆ ಹಳದಿಯ ನೂಲಿನಂತೆ ಹಬ್ಬುವ ಇನ್ನೊಂದು ಪರಾವಲಂಬಿಯುಂಟು. ಶಾಸ್ತ್ರಜ್ಞರು ಅದನ್ನು ಕಸ್ಕ್ಯೂಟ ಎನ್ನುತ್ತಾರೆ. ಕನ್ನಡದಲ್ಲಿ ಅದು ಆಕಾಶಬಳ್ಳಿ, ನೆರೆಯ ಮರಾಠಿಯಲ್ಲಿ ಅಮರವೇಲ. ಎರಡೂ ಸಾರ್ಥಕವಾದ ಹೆಸರುಗಳೇ. ಒಂದು ಹೆಸರು ಅದಕ್ಕೆ ನೆಲದಲ್ಲಿ ಬೇರಿಲ್ಲವೆಂಬುದನ್ನೂ ಮತ್ತೊಂದು ಹೆಸರು ಅದು ಸುಲಭವಾಗಿ ಸಾಯುವುದಿಲ್ಲವೆಂಬುದನ್ನೂ ಸೂಚಿಸುತ್ತದೆ. ಇದರ ಬೀಜವು ನೆಲದಲ್ಲಿಯೇ ಮೊಳೆಯುತ್ತದೆ. ಕೆಲವೇ ದಿನಗಳಲ್ಲಿ ಆಶ್ರಯದ ಗಿಡ ಸಿಕ್ಕದಿದ್ದರೆ ಮೊಳಕೆ ಸಾಯುವುದು. ಸಿಕ್ಕಿದರೆ ಅದರ ಕಾಂಡವನ್ನು ಸುತ್ತಿ, ಹೀರುಬೇರುಗಳನ್ನು ಒಳಗಿಳಿಸಿ, ನೆಲದ ನಂಟನ್ನು ಕಡಿದುಕೊಳ್ಳುವುದು. 2006ರಲ್ಲಿ ಅಮೆರಿಕದ ವಿಜ್ಞಾನಿಗಳು ಈ ಮೊಳಕೆಯು ಟೊಮೆಟೊ ಗಿಡದ ವಾಸನೆಯನ್ನನುಸರಿಸಿ ಅತ್ತ ಬಾಗುವುದನ್ನು ತೋರಿಸಿಕೊಟ್ಟರು.

ಇದನ್ನು ನಿವಾರಿಸುವುದು ಏಕೆ ಕಷ್ಟ? ಕೈಯಿಂದ ಕಿತ್ತರೆ ತುಂಡಾದ ಎಳೆ ಮತ್ತೆ ಚಿಗುರುತ್ತದೆ. ಕಳೆನಾಶಕವನ್ನು ಎರಚಿದರೆ, ಅಪ್ಪಿಕೊಂಡ ಕಳೆಯೊಡನೆ ಬೆಳೆಯೂ ಬಾಡುವ ಭಯ. ಬೀಜವೋ, ಹತ್ತು ವರ್ಷಕ್ಕೂ ಮಿಕ್ಕಿ ಮಣ್ಣಿನಲ್ಲಿ ಜೀವ ಹಿಡಿದಿರಬಲ್ಲದು. ಆಂಧ್ರದ ಕರಾವಳಿಯಲ್ಲಿ ಭತ್ತದ ತರುವಾಯ ಉದ್ದನ್ನು ಬೆಳೆಯುವ ರೈತರಿಗೆ ಈ ಸಂಕಟ ಚೆನ್ನಾಗಿ ಪರಿಚಿತ.

ಇಂಥ ಶತ್ರುವನ್ನು ಶಿಲೀಂಧ್ರದಿಂದ, ಎಂದರೆ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿಯಿಂದ, ಗೆಲ್ಲಲು ಚೀನಾದ ಶಾಂಡೊಂಗ್ ಪ್ರಾಂತದವರು ಯತ್ನಿಸಿದರು. ಅಲ್ಲಿಯ ಸೋಯಾ ಅವರೆಯ ಹೊಲಗಳನ್ನು ಆಕಾಶಬಳ್ಳಿ ಮುತ್ತಿತ್ತು. ರೋಗ ಹಿಡಿದ ಬಳ್ಳಿಯಿಂದ ಕೊಲೆಟೊಟ್ರೈಕಮ್ ಎಂಬ ಶಿಲೀಂಧ್ರವನ್ನು ಬೇರ್ಪಡಿಸಿ, 1963ರಲ್ಲಿ ‘ಲುಬಾವೊ ಒಂದು’ ಎಂಬ ಹೆಸರಿನಿಂದ ಬಳಕೆಗೆ ಸಿದ್ಧಪಡಿಸಿದರು. ‘ಲು’ ಎಂಬುದು ಶಾಂಡೊಂಗಿನ ಸಂಕ್ಷಿಪ್ತ ಹೆಸರು, ‘ಬಾವೊ’ ಎಂದರೆ ರಕ್ಷಣೆ. ಅದರ ಬೀಜಾಣುಗಳನ್ನು ನೀರಿನಲ್ಲಿ ಕದಡಿ ಎರಚಿದರೆ ಬಳ್ಳಿ ಕೊಳೆಯುತ್ತಿತ್ತು, ಸೋಯಾ ಉಳಿಯುತ್ತಿತ್ತು. ಅಮೆರಿಕದಲ್ಲಿ ಈ ಬಗೆಯ ಶಿಲೀಂಧ್ರ ಕಳೆಮದ್ದುಗಳಿಗೆ ಮೊದಲಾಗಿ ಅನುಮತಿ ದೊರೆತದ್ದು 1981 ಮತ್ತು 1982ರಲ್ಲಿ ಎಂಬುದನ್ನು ನೆನೆದರೆ ಈ ಕಾರ್ಯದ ಹಿರಿಮೆ ತಿಳಿಯುತ್ತದೆ.

ಆದರೆ ಗೆಲುವಿನೊಡನೆ ಪಾಠಗಳೂ ಬಂದವು. ಬೀಜಾಣು ಮೊಳೆಯಲು ತೇವ ಬೇಕು. ಒಣಹವೆಯಲ್ಲಿ ಎರಚಿದ್ದು ವ್ಯರ್ಥ. ಪ್ರಯೋಗಶಾಲೆಯಲ್ಲಿ ಮತ್ತೆ ಮತ್ತೆ ಬೆಳೆಸಿದಂತೆ ಶಿಲೀಂಧ್ರದ ರೋಗಶಕ್ತಿಯೂ ಕುಂದಿ, ಹೊಸ ತಳಿಯನ್ನು ಆರಿಸಬೇಕಾಯಿತು. ಎಲ್ಲಕ್ಕೂ ಮಿಗಿಲಾದ ಪಾಠ ಮತ್ತೊಂದು. ಒರೊಬ್ಯಾಂಕಿ ಎಂಬ ಬೇರಿನ ಪರಾವಲಂಬಿಯನ್ನು ಕೊಲ್ಲಲು ಪರೀಕ್ಷಿಸಲಾದ ಫ್ಯುಸೇರಿಯಮ್ ಆಕ್ಸಿಸ್ಪೋರಮ್ ಎಂಬ ಶಿಲೀಂಧ್ರದ ಬೇರೊಂದು ರೂಪವೇ ನಮ್ಮ ಕಡಲೆಗೆ ನೆಟೆರೋಗವನ್ನು ತರುತ್ತದೆ. ಹೆಸರು ಒಂದೇ, ಒಂದು ರೂಪ ಮದ್ದು, ಮತ್ತೊಂದು ಮೃತ್ಯು. ಆದುದರಿಂದ ಕೊಳೆತ ಬಳ್ಳಿಯನ್ನು ಅರೆದು ತಾವೇ ಹೊಲಕ್ಕೆ ಎರಚುವ ಸಾಹಸವನ್ನು ಯಾರೂ ಮಾಡಕೂಡದು.

ಒರೊಬ್ಯಾಂಕಿಯು ಮೆಡಿಟರೇನಿಯನ್ ತೀರದ ದೇಶಗಳಲ್ಲಿ ಬಟಾಣಿ, ಚನ್ನಂಗಿ ಮುಂತಾದ ಬೆಳೆಗಳನ್ನು ಕಾಡುತ್ತದೆ. ಅದರ ಧೂಳಿನಂಥ ಬೀಜವು ಆಶ್ರಯದ ಬೇರಿನ ಸ್ರಾವ ತಾಕಿದ ಮೇಲೆಯೇ ಮೊಳೆಯುವುದು. ಬೇರು ಅಂಥ ಸ್ರಾವವನ್ನು ಏಕೆ ಸೂಸಬೇಕು? ಇದಕ್ಕೆ ಉತ್ತರ 2005ರಲ್ಲಿ ಜಪಾನಿನಿಂದ ದೊರೆಯಿತು. ಅಲ್ಲಿಯ ವಿಜ್ಞಾನಿಗಳು ಒಂದು ದ್ವಿದಳ ಸಸ್ಯದ ಬೇರಿನ ಸ್ರಾವವನ್ನು ಶೋಧಿಸಿ, ಅದು ಮಿತ್ರ ಶಿಲೀಂಧ್ರಕ್ಕೆ ಬೇರು ಕೊಡುವ ಕರೆಯೆಂದು ಕಂಡುಕೊಂಡರು. ಈ ಮಿತ್ರನು ಬೇರಿನಲ್ಲಿ ನೆಲೆಸಿ ಮಣ್ಣಿನ ರಂಜಕವನ್ನು ಗಿಡಕ್ಕೆ ಒದಗಿಸುತ್ತಾನೆ. ಗೆಳೆಯನಿಗಾಗಿ ಕೂಗಿದ ಕರೆಯನ್ನು ಕಳ್ಳನೂ ಕೇಳಿಸಿಕೊಳ್ಳುತ್ತಾನೆ, ಅಷ್ಟೇ. ಗೆಳೆಯನು ಮನೆಗೆ ಬಂದ ಮೇಲೆ ಕರೆ ತಗ್ಗುತ್ತದೆ. ಮಿತ್ರ ಶಿಲೀಂಧ್ರ ನೆಲೆಸಿದ ಬಟಾಣಿಯ ಬೇರಿನ ಸ್ರಾವಕ್ಕೆ ಒರೊಬ್ಯಾಂಕಿಯ ಬೀಜಗಳು ಕಡಮೆ ಮೊಳೆತುದನ್ನು ಪ್ರಯೋಗಗಳು ತೋರಿಸಿವೆ. ಹೀಗೆ ಶಿಲೀಂಧ್ರವು ಕೊಂದೂ ಕಾಯಬಲ್ಲದು, ಕೊಲ್ಲದೆಯೂ ಕಾಯಬಲ್ಲದು.

ಹಾಗಾದರೆ ಇಂದು ನಮ್ಮ ರೈತರು ಮಾಡಬೇಕಾದುದೇನು? ಕಳೆಬೀಜ ಬೆರೆಯದ ಶುದ್ಧ ಬೀಜವನ್ನೇ ಬಿತ್ತಬೇಕು. ಬಳ್ಳಿ ಕಂಡಲ್ಲಿ ಹೂಬಿಡುವ ಮೊದಲೇ, ಅದು ಹತ್ತಿದ ಗಿಡದೊಡನೆ ಕಿತ್ತು ಸುಡಬೇಕು. ಬಾಧೆಯಿದ್ದ ಹೊಲದಲ್ಲಿ ಜೋಳದಂಥ ಏಕದಳ ಬೆಳೆಯನ್ನು ಬದಲಿಸಿ ಹಾಕಬೇಕು. ಅಂಥ ಬೆಳೆಗಳನ್ನು ಆಕಾಶಬಳ್ಳಿ ಸಾಮಾನ್ಯವಾಗಿ ಆಶ್ರಯಿಸುವುದಿಲ್ಲ. ಅಂಗಡಿಗಳಲ್ಲಿ ದೊರೆಯುವ ಟ್ರೈಕೋಡರ್ಮವು ಬೀಜೋಪಚಾರಕ್ಕೆ, ನೆಟೆರೋಗದ ತಡೆಗೆ ಉಪಯುಕ್ತವಾದುದು. ಆಕಾಶಬಳ್ಳಿಗೂ ಅದೇ ಮದ್ದೆಂದು ಯಾರಾದರೂ ಮಾರಿದರೆ, ಕೃಷಿ ವಿಶ್ವವಿದ್ಯಾಲಯದ ಶಿಫಾರಸನ್ನು ಕೇಳಿಕೊಳ್ಳದೆ ಹಣ ಕೊಡಬಾರದು.

ಕೊನೆಗೆ ಸಂಘಕ್ಕೆ ಒಂದು ಅರಿಕೆ. ನಮ್ಮ ಹಳ್ಳಿಗಳ ಕಳೆಗಳಿಗೆ ಕನ್ನಡದ ಹೆಸರೇನು, ಮರಾಠಿಯ ಹೆಸರೇನು, ಶಾಸ್ತ್ರದ ಹೆಸರೇನು ಎಂಬುದನ್ನು ವಿದ್ಯಾರ್ಥಿಗಳಿಂದ ಸಂಗ್ರಹಿಸಿ ಒಂದು ಚಿಕ್ಕ ಪುಸ್ತಿಕೆಯನ್ನು ಅಚ್ಚುಹಾಕಿಸಬೇಕು. ಶತ್ರುವಿನ ಹೆಸರು ತಿಳಿಯದವನಿಗೆ ಮದ್ದಿನ ಶೀಸೆಯ ಮೇಲಿನ ಬರಹ ಯಾವ ಭಾಷೆಯಲ್ಲಿದ್ದರೂ ಒಂದೇ. ಹೆಸರನ್ನು ಬಲ್ಲ ರೈತನು ಮರಾಠಿಯ ಅಧಿಕಾರಿಯೊಡನೆಯೂ ವಿಜ್ಞಾನಿಯೊಡನೆಯೂ ಸರಿಸಮನಾಗಿ ನಿಂತು ಮಾತನಾಡಬಲ್ಲನು.